ಅಂಚೆಯ ಸರ್ವರೂ ಗುಂಪಿನ ಅನುಮತಿಯೂ

ಬೀಗ ತೆರೆಯದಿದ್ದಾಗ ಬೀಗದ ಕೈಯನ್ನೇ ಶಂಕಿಸುವುದು ಮನುಷ್ಯನ ಸ್ವಭಾವ. ಇ-ಮೇಲ್ ಕಳುಹಿಸಲು ಹೊರಟ ವಿದ್ಯಾರ್ಥಿಗೆ “ದೃಢೀಕರಣ ವಿಫಲವಾಗಿದೆ” ಎಂಬ ಉತ್ತರ ಬಂದರೆ, ಅವನು ಗುಪ್ತಪದವನ್ನು ಮತ್ತೊಮ್ಮೆ ಒತ್ತಿ ನೋಡುತ್ತಾನೆ. ಆಮೇಲೆ ಅದನ್ನೇ ಬದಲಾಯಿಸುತ್ತಾನೆ. ಹೊಸ ಗುಪ್ತಪದಕ್ಕೂ ಅದೇ ಉತ್ತರ ಬಂದಾಗ ದಿಕ್ಕುಗಾಣದೆ ಕುಳಿತುಬಿಡುತ್ತಾನೆ. ಆದರೆ ಗುಪ್ತಪದವೂ ಬಳಕೆದಾರನ ಹೆಸರೂ ಸರಿಯಾಗಿದ್ದು, ಸರ್ವರಿನ ತಂತ್ರಾಂಶಗಳೆಲ್ಲ ನಡೆಯುತ್ತಿರುವಾಗಲೂ ಈ ಉತ್ತರ ಬರುವ ಸಂದರ್ಭ ಒಂದುಂಟು. ಸರ್ವರಿನೊಳಗಿನ ಒಂದು ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಮಿನ ಬಾಗಿಲವರೆಗೆ ಹೋಗಲು ಅನುಮತಿಯಿಲ್ಲದೆ ಹಿಂದಿರುಗಿದಾಗ ಹೀಗಾಗುತ್ತದೆ.

ಇಂತಹ ದೋಷವನ್ನು ಪತ್ತೆಹಚ್ಚುವುದು ಹೇಗೆ, ಪತ್ತೆಯಾದ ಮೇಲೆ ಅದನ್ನು ಸರಿಪಡಿಸುವ ಯೋಗ್ಯವಾದ ಕ್ರಮ ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸೋಣ. ದೋಷವು ಚಿಕ್ಕದು, ಪರಿಹಾರವೂ ಒಂದೇ ಸಾಲಿನದು. ಆದರೆ ಅವಸರದಲ್ಲಿ ಮಾಡಿದ ತಪ್ಪು ಪರಿಹಾರದಿಂದ ಎಲ್ಲರ ಗುಪ್ತಪದಗಳೂ ಅಪಾಯಕ್ಕೆ ಸಿಲುಕುತ್ತವೆ. ಆದುದರಿಂದ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳುವುದು ಅವಶ್ಯಕ.

ದೃಢೀಕರಣ ಬಂದ ಬಗೆ

ನಮ್ಮ ದೇಶದಲ್ಲಿ ಇ-ಮೇಲ್ ಮೊದಲು ಬೇರೂರಿದ್ದು ವಿದ್ಯಾಸಂಸ್ಥೆಗಳಲ್ಲಿ. 1986ರಲ್ಲಿ ಪ್ರಾರಂಭವಾದ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲದ ಮೊದಲ ಪಾಲುದಾರರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. ಆ ಮೊದಲಿನ ದಿನಗಳಲ್ಲಿ ಜಾಲವನ್ನು ಬಳಸುತ್ತಿದ್ದವರು ಕೆಲವೇ ಮಂದಿ. ಬಹುಮಟ್ಟಿಗೆ ಒಬ್ಬರನ್ನೊಬ್ಬರು ನಂಬಬಲ್ಲವರು. ಅಂಚೆಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ನಿಯಮಾವಳಿಯನ್ನು 1982ರಲ್ಲಿ ಜಾನ್ ಪೋಸ್ಟೆಲ್ ಅವರು ರಚಿಸಿದಾಗ, ಕಾಗದವನ್ನು ತಂದುಕೊಟ್ಟವನು ಯಾರೆಂದು ವಿಚಾರಿಸುವ ಏರ್ಪಾಟು ಅದರಲ್ಲಿರಲಿಲ್ಲ. ಕೆಂಪು ಡಬ್ಬಿಗೆ ಯಾರು ಬೇಕಾದರೂ ಕಾಗದವನ್ನು ಹಾಕಬಹುದಾದಂತೆ, ಯಾವ ಸರ್ವರಿಗೆ ಬೇಕಾದರೂ ಯಾರೂ ಅಂಚೆಯನ್ನು ಒಪ್ಪಿಸಬಹುದಾಗಿತ್ತು.

ಜನ ಹೆಚ್ಚಿದಂತೆ ಈ ಔದಾರ್ಯದ ದುರುಪಯೋಗವೂ ಹೆಚ್ಚಿತು. ಬೇಡದ ಜಾಹೀರಾತುಗಳನ್ನು ಲಕ್ಷಗಟ್ಟಲೆ ಹಂಚುವವರು ಅನ್ಯರ ಸರ್ವರುಗಳನ್ನು ಬಿಟ್ಟಿಯಾಗಿ ಬಳಸತೊಡಗಿದರು. ಅಂತಹ ಸರ್ವರುಗಳ ವಿಳಾಸಗಳನ್ನು ಉಳಿದವರು ಬಹಿಷ್ಕಾರದ ಪಟ್ಟಿಗೆ ಸೇರಿಸಿದುದರಿಂದ, ಅವುಗಳ ಮೂಲಕ ಹೋದ ನಿಜವಾದ ಕಾಗದಗಳೂ ತಿರಸ್ಕೃತವಾದುವು. ಹೀಗಾಗಿ ಕಳುಹಿಸುವವನು ತನ್ನ ಗುರುತನ್ನು ಸ್ಥಾಪಿಸಬೇಕೆಂಬ ವಿಧಿಯನ್ನು 1999ರಲ್ಲಿ ಅಂಚೆಯ ನಿಯಮಾವಳಿಗೆ ಸೇರಿಸಲಾಯಿತು.

ಎರಡು ಕೆಲಸ, ಇಬ್ಬರು ಕೆಲಸಗಾರರು

ಹಾಗಾದರೆ ಅಂಚೆಯನ್ನು ಸ್ವೀಕರಿಸುವ ಪ್ರೋಗ್ರಾಮೇ ಗುಪ್ತಪದವನ್ನೂ ಪರೀಕ್ಷಿಸಬಾರದೇಕೆ? ಈ ಪ್ರಶ್ನೆಯ ಉತ್ತರದಲ್ಲಿಯೇ ನಮ್ಮ ವಿಷಯದ ಮರ್ಮವಿದೆ.

ಅಂಚೆಯನ್ನು ಸ್ವೀಕರಿಸುವ ಪ್ರೋಗ್ರಾಂ ಇಡೀ ಪ್ರಪಂಚಕ್ಕೆ ಮುಖಮಾಡಿ ನಿಂತಿರುತ್ತದೆ. ಸಜ್ಜನರ ಮಾತಿನಂತೆ ದುರ್ಜನರ ಮಾತನ್ನೂ ಅದು ಕೇಳಲೇಬೇಕು. ಅದರಲ್ಲಿ ಒಂದು ದೋಷವಿದ್ದರೆ ಆಕ್ರಮಣಕಾರನು ಅದರೊಳಗೆ ನುಗ್ಗಿ, ಅದಕ್ಕೆ ಇರುವ ಅಧಿಕಾರವನ್ನೆಲ್ಲ ತಾನು ಚಲಾಯಿಸುತ್ತಾನೆ. 1988ರ ನವೆಂಬರ್ 2ರಂದು ಹೊರಬಿದ್ದ ಮೋರಿಸ್ ಹುಳುವೆಂಬ ಪ್ರೋಗ್ರಾಂ ಯಂತ್ರದಿಂದ ಯಂತ್ರಕ್ಕೆ ಹರಡಿದ ದಾರಿಗಳಲ್ಲಿ ಸೆಂಡ್‌ಮೇಲ್ ಎಂಬ ಅಂಚೆಯ ತಂತ್ರಾಂಶದ ದೋಷವೂ ಒಂದಾಗಿತ್ತು. ಒಂದೇ ದೊಡ್ಡ ಪ್ರೋಗ್ರಾಮಿಗೆ ಸರ್ವಾಧಿಕಾರವನ್ನು ಒಪ್ಪಿಸುವುದು ಎಷ್ಟು ಅಪಾಯಕರವೆಂಬುದನ್ನು ಅದು ಎಲ್ಲರಿಗೂ ಮನಗಾಣಿಸಿತು.

ಇದಕ್ಕೆ ಪ್ರತಿಯಾದ ತತ್ತ್ವವನ್ನು ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ವಿದ್ವಾಂಸರು 1975ರಲ್ಲಿಯೇ ವಿವರಿಸಿದ್ದರು. ಪ್ರತಿಯೊಂದು ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವಿರತಕ್ಕದ್ದು. ಇದನ್ನು ನಾವು ಕನಿಷ್ಠಾಧಿಕಾರ ತತ್ತ್ವವೆಂದು ಕರೆಯಬಹುದು. 1998ರಲ್ಲಿ ಪ್ರಕಟವಾದ ಪೋಸ್ಟ್‌ಫಿಕ್ಸ್ ಎಂಬ ಅಂಚೆಯ ತಂತ್ರಾಂಶದ ರಚನೆಗೆ ಈ ತತ್ತ್ವವೇ ತಳಹದಿ. ಅದರ ಕರ್ತೃವಾದ ವೀಟ್ಸ ವೆನೆಮಾ ಅವರು ನೆದರ್ಲೆಂಡ್ಸ್ ದೇಶದ ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದವರೆಂಬುದು ನಮ್ಮ ವಿಜ್ಞಾನದ ವಿದ್ಯಾರ್ಥಿಗಳಿಗೆ ಸಂತೋಷ ತರುವ ಸಂಗತಿ.

ಪೋಸ್ಟ್‌ಫಿಕ್ಸಿನಲ್ಲಿ ಹೊರಗಿನವರೊಡನೆ ಮಾತಾಡುವ ಭಾಗವು ಅಲ್ಪಾಧಿಕಾರದ ಒಬ್ಬ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ. ಆ ಬಳಕೆದಾರನ ಹೆಸರೂ ಪೋಸ್ಟ್‌ಫಿಕ್ಸ್ ಎಂದೇ. ಗುಪ್ತಪದಗಳ ಕಡತವನ್ನು ಓದಲು ಅದಕ್ಕೆ ಅಧಿಕಾರವಿಲ್ಲ. ಆ ಕೆಲಸಕ್ಕೆ ಬೇರೊಂದು ಪ್ರೋಗ್ರಾಂ ಇದೆ. ಕೆಲವು ಕಡೆ ಅದು ಸ್ಯಾಸಲ್ ದೃಢೀಕರಣ ಸೇವೆ. ಇನ್ನು ಕೆಲವು ಕಡೆ 2002ರಿಂದ ಬಳಕೆಗೆ ಬಂದ ದಾವ್‌ಕಾಟ್ ಎಂಬ ತಂತ್ರಾಂಶ. ಪೋಸ್ಟ್‌ಫಿಕ್ಸು ಹೆಸರನ್ನೂ ಗುಪ್ತಪದವನ್ನೂ ಸೇವೆಗೆ ಒಪ್ಪಿಸಿ, “ಇದು ಸರಿಯೆ?” ಎಂದು ಕೇಳುತ್ತದೆ. ಸೇವೆಯು “ಹೌದು” ಅಥವಾ “ಅಲ್ಲ” ಎಂದಷ್ಟೇ ಹೇಳುತ್ತದೆ. ಕಡತವು ಅದರ ಕೈಯಲ್ಲಿಯೇ ಉಳಿಯುತ್ತದೆ.

ಇವೆರಡೂ ಒಂದೇ ಯಂತ್ರದಲ್ಲಿರುವುದರಿಂದ ಅವುಗಳ ಸಂಭಾಷಣೆಗೆ ಸಾಕೆಟ್ ಎಂಬ ಒಂದು ಸಾಧನವಿದೆ. ನೋಡುವುದಕ್ಕೆ ಅದು ಒಂದು ಫೋಲ್ಡರಿನಲ್ಲಿರುವ ಕಡತದಂತೆಯೇ ಇರುತ್ತದೆ. ವಾಸ್ತವವಾಗಿ ಅದು ಬ್ಯಾಂಕಿನ ಕೌಂಟರಿನ ಕಿಂಡಿಯಿದ್ದಂತೆ. ಈಚೆಯಿಂದ ಪ್ರಶ್ನೆ, ಆಚೆಯಿಂದ ಉತ್ತರ. ಕಡತಗಳಿಗೆ ಅನುಮತಿಯ ಕಟ್ಟುಪಾಡು ಇರುವಂತೆ ಈ ಕಿಂಡಿಗೂ ಇದೆ. ನಮ್ಮ ದೋಷವು ಅಡಗಿಕೊಳ್ಳುವುದು ಇಲ್ಲಿಯೇ.

ಅನುಮತಿಯ ಅಂಕಗಣಿತ

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಪ್ರಾರಂಭಿಸಿದ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಪರಂಪರೆಯಲ್ಲಿಯೇ ಇಂದಿನ ಲಿನಕ್ಸ್ ಸರ್ವರುಗಳೂ ಬಂದಿವೆ. ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಫೋಲ್ಡರಿಗೂ ಒಬ್ಬ ಒಡೆಯನೂ ಒಂದು ಗುಂಪೂ ಇರುತ್ತವೆ. ಒಡೆಯನೂ ಅಲ್ಲದ, ಗುಂಪಿಗೂ ಸೇರದ ಮಿಕ್ಕವರೆಲ್ಲ ಇತರರು.

ತ್ಯಾಮಗೊಂಡ್ಲು ಹಿಂದಿನಿಂದಲೂ ಧಾನ್ಯದ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿನ ಒಂದು ರಾಗಿಯ ಮಂಡಿಯನ್ನು ಮನಸ್ಸಿಗೆ ತಂದುಕೊಂಡರೆ ಈ ವಿಭಾಗವು ಸುಲಭವಾಗಿ ತಿಳಿಯುತ್ತದೆ. ಮಂಡಿಯ ಯಜಮಾನನು ಯಾವ ಕೋಣೆಗಾದರೂ ಹೋಗಬಹುದು, ಲೆಕ್ಕದ ಪುಸ್ತಕದಲ್ಲಿ ಬರೆಯಬಹುದು. ಹಮಾಲಿಗಳ ಗುಂಪಿನವರು ಮೂಟೆ ಹೊತ್ತು ಗೋದಾಮಿಗೆ ಹೋಗಿಬರಬಹುದು. ಲೆಕ್ಕದ ಪುಸ್ತಕವನ್ನು ತೆರೆಯುವಂತಿಲ್ಲ. ಬೀದಿಯಲ್ಲಿ ಹೋಗುವವರಿಗೆ ಗೋದಾಮಿನೊಳಗೆ ಪ್ರವೇಶವೇ ಇಲ್ಲ. ಹೊಸ ಹಮಾಲಿಯೊಬ್ಬನು ಬಂದರೆ ಗೋದಾಮಿನ ಬಾಗಿಲನ್ನು ಊರಿಗೆಲ್ಲ ತೆರೆದಿಡುವುದಿಲ್ಲ. ಅವನನ್ನು ಗುಂಪಿಗೆ ಸೇರಿಸಿಕೊಳ್ಳುತ್ತಾರೆ.

ಅನುಮತಿಗಳು ಮೂರು ಬಗೆ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂಬ ಬೆಲೆ ಇದೆ. ಫೋಲ್ಡರಿನ ವಿಷಯದಲ್ಲಿ 1 ಎಂದರೆ ಅದರ ಮೂಲಕ ಹಾದುಹೋಗುವ ಹಕ್ಕು. 4 ಎಂದರೆ ಅದರೊಳಗೆ ಏನೇನಿದೆಯೆಂದು ಪಟ್ಟಿ ನೋಡುವ ಹಕ್ಕು. ಬೆಲೆಗಳು 1, 2, 4 ಆಗಿರುವುದರಿಂದ ಯಾವ ಮೊತ್ತವೂ ಎರಡು ರೀತಿಯಲ್ಲಿ ಒಡೆಯುವುದಿಲ್ಲ. 5 ಎಂದರೆ 4 ಮತ್ತು 1 ಮಾತ್ರ. 6 ಎಂದರೆ 4 ಮತ್ತು 2 ಮಾತ್ರ. ಒಡೆಯ, ಗುಂಪು, ಇತರರು ಎಂಬ ಕ್ರಮದಲ್ಲಿ ಮೂರು ಅಂಕೆಗಳನ್ನು ಬರೆದರೆ ಅನುಮತಿಯ ಸಂಖ್ಯೆ ಸಿದ್ಧವಾಗುತ್ತದೆ. 660 ಎಂದರೆ ಒಡೆಯನೂ ಗುಂಪೂ ಓದಬಹುದು, ಬರೆಯಬಹುದು. ಇತರರಿಗೆ ಏನೂ ಇಲ್ಲ. 777 ಎಂದರೆ ಎಲ್ಲರಿಗೂ ಎಲ್ಲವೂ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ಲಿನಕ್ಸಿನಲ್ಲಿ ಸಾಕೆಟ್ಟಿಗೆ ಸಂಪರ್ಕ ಕಲ್ಪಿಸಲು ಆ ಸಾಕೆಟ್ಟಿನ ಮೇಲೆ ಬರೆಯುವ ಅನುಮತಿ ಬೇಕು. ಎರಡನೆಯದಾಗಿ, ಅದು ಇರುವ ಫೋಲ್ಡರು, ಆ ಫೋಲ್ಡರನ್ನು ಒಳಗೊಂಡ ಫೋಲ್ಡರು, ಹೀಗೆ ಬೇರಿನವರೆಗೆ ಪ್ರತಿಯೊಂದರಲ್ಲಿಯೂ ಹಾದುಹೋಗುವ ಅನುಮತಿ ಬೇಕು. ಇವು ವಿದ್ಯುನ್ಮಂಡಲದಲ್ಲಿ ಶ್ರೇಣಿಯಾಗಿ ಜೋಡಿಸಿದ ಸ್ವಿಚ್ಚುಗಳಿದ್ದಂತೆ. ಒಂದೇ ಒಂದು ಸ್ವಿಚ್ಚು ತೆರೆದಿದ್ದರೂ ದೀಪ ಉರಿಯದು.

ದೋಷವನ್ನು ಹುಡುಕುವ ಕ್ರಮ

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲುವಿನಂತಹ ಹೋಬಳಿಯ ಊರಿನ ಕಾಲೇಜೊಂದು ತನ್ನದೇ ಅಂಚೆಯ ಸರ್ವರನ್ನು ಇಟ್ಟುಕೊಂಡಿದೆ. ಅದು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಮೇಲೆ ನಡೆಯುತ್ತದೆ. ಪೋಸ್ಟ್‌ಫಿಕ್ಸೂ ಸ್ಯಾಸಲ್ ಸೇವೆಯೂ ಅದರಲ್ಲಿವೆ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಳುಹಿಸಲು ಎರಡೇ ದಿನ ಉಳಿದಿರುವಾಗ, ಯಂತ್ರವನ್ನು ಹೊಸದಾಗಿ ಅಣಿಗೊಳಿಸಿದ ಮೇಲೆ ಯಾರಿಗೂ ಅಂಚೆ ಕಳುಹಿಸಲಾಗುತ್ತಿಲ್ಲ. ಎಲ್ಲರಿಗೂ 535 ಎಂಬ ಸಂಖ್ಯೆಯೊಡನೆ ದೃಢೀಕರಣ ವಿಫಲವೆಂಬ ಉತ್ತರ. ಗುಪ್ತಪದ ತಪ್ಪಿದಾಗ ಬರುವ ಸಂಖ್ಯೆಯೂ ಇದೇ ಆದುದರಿಂದ ಬಳಕೆದಾರನಿಗೆ ಭೇದವು ತಿಳಿಯುವುದಿಲ್ಲ.

ಒಬ್ಬನಿಗೆ ಮಾತ್ರ ಹೀಗಾದರೆ ಗುಪ್ತಪದವನ್ನು ಶಂಕಿಸಬಹುದು. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಆಯಿತೆಂದರೆ ದೋಷವು ಸರ್ವರಿನಲ್ಲಿದೆ ಎಂದೇ ತಿಳಿಯಬೇಕು. ಆಗ ಮೊದಲು ನೋಡತಕ್ಕದ್ದು ಸರ್ವರಿನ ಲಾಗ್, ಅಂದರೆ ಸರ್ವರು ತಾನೇ ಬರೆದಿಡುವ ದಿನಚರಿ. ದೃಢೀಕರಣ ಸೇವೆಯೊಡನೆ ಸಂಪರ್ಕ ಸಿಗಲಿಲ್ಲವೆಂಬ ಸಾಲಿನ ಕೊನೆಯಲ್ಲಿ ಕಾರಣವಿರುತ್ತದೆ. ಕಾರಣಗಳು ಮುಖ್ಯವಾಗಿ ಮೂರು.

ಒಂದು, “ಪರ್ಮಿಷನ್ ಡಿನೈಡ್”. ಬಾಗಿಲು ಇದೆ, ಹೋಗಲು ಅನುಮತಿಯಿಲ್ಲ.

ಎರಡು, “ನೋ ಸಚ್ ಫೈಲ್ ಆರ್ ಡೈರೆಕ್ಟರಿ”. ಹುಡುಕಿದ ಸ್ಥಳದಲ್ಲಿ ಬಾಗಿಲೇ ಇಲ್ಲ.

ಮೂರು, “ಕನೆಕ್ಷನ್ ರೆಫ್ಯೂಸ್ಡ್”. ಬಾಗಿಲಿದೆ, ಅಲ್ಲಿಗೆ ತಲುಪಿದ್ದೂ ಆಯಿತು. ಆಚೆಯ ಕಡೆ ಯಾರೂ ಕುಳಿತಿಲ್ಲ. ಎಂದರೆ ಸೇವೆಯು ನಿಂತುಹೋಗಿದೆ.

ಈ ಮೂರಕ್ಕೂ ಪರಿಹಾರಗಳು ಬೇರೆ ಬೇರೆ. ಲಾಗ್ ಓದದೆ ಪರಿಹಾರಕ್ಕೆ ಕೈಹಾಕುವವನು ಜ್ವರದ ಕಾರಣವನ್ನು ತಿಳಿಯದೆ ಔಷಧ ಕೊಡುವ ವೈದ್ಯನಂತೆ.

ನಮ್ಮ ಉದಾಹರಣೆಯಲ್ಲಿ ಮೊದಲನೆಯ ಕಾರಣವೇ ದೊರೆತಿದೆ ಎನ್ನೋಣ. ಈಗ ಸೇವೆಯನ್ನು ನೇರವಾಗಿ ಪರೀಕ್ಷಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಬಳಸಿ ನೋಡೋಣ. ಸರ್ವಾಧಿಕಾರಿಯಾದ ರೂಟ್ ಬಳಕೆದಾರನಾಗಿ ಪರೀಕ್ಷಿಸಿದರೆ “ಸರಿ” ಎಂಬ ಉತ್ತರ ಬರುತ್ತದೆ. ಅನೇಕರು ಇಲ್ಲಿ ದಾರಿತಪ್ಪುತ್ತಾರೆ. ಸೇವೆ ಸರಿಯಾಗಿದೆ, ಆದುದರಿಂದ ಪೋಸ್ಟ್‌ಫಿಕ್ಸೇ ಕೆಟ್ಟಿದೆ ಎಂದು ಅದರ ಸೆಟ್ಟಿಂಗುಗಳನ್ನೆಲ್ಲ ಬದಲಾಯಿಸತೊಡಗುತ್ತಾರೆ. ಆದರೆ ರೂಟ್ ಬಳಕೆದಾರನಿಗೆ ಈ ಅನುಮತಿಗಳ ಕಟ್ಟುಪಾಡೇ ಇಲ್ಲ. ಅವನಾಗಿ ಪರೀಕ್ಷಿಸುವುದು ಸ್ವಿಚ್ಚಿನ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ ನೋಡಿದಂತೆ. ದೀಪ ಉರಿದರೆ ದೀಪವೂ ವಿದ್ಯುತ್ಕೋಶವೂ ಸರಿಯಾಗಿವೆ ಎಂದಷ್ಟೇ ತಿಳಿಯಿತು. ಸ್ವಿಚ್ಚಿನ ವಿಷಯ ತಿಳಿಯಲಿಲ್ಲ. ಅದೇ ಪರೀಕ್ಷೆಯನ್ನು ಪೋಸ್ಟ್‌ಫಿಕ್ಸ್ ಬಳಕೆದಾರನ ಹೆಸರಿನಲ್ಲಿ ಮತ್ತೆ ನಡೆಸಬೇಕು. ರೂಟಿಗೆ ಫಲಿಸಿ ಪೋಸ್ಟ್‌ಫಿಕ್ಸಿಗೆ ಫಲಿಸದಿದ್ದರೆ ದೋಷವು ಅನುಮತಿಯಲ್ಲಿದೆ ಎಂಬುದು ಖಚಿತ. ಎರಡು ಪ್ರಯೋಗಗಳಲ್ಲಿ ಬದಲಾದುದು ಬಳಕೆದಾರನೊಬ್ಬನೇ ಅಲ್ಲವೆ?

ಮುಂದೆ, ದಾರಿಯ ಯಾವ ಹಂತದಲ್ಲಿ ತಡೆಯಿದೆ ಎಂಬುದನ್ನು ನೋಡಬೇಕು. ‘ನೇಮ್-ಐ’ ಎಂಬ ಆಜ್ಞೆಯು ಬೇರಿನಿಂದ ಸಾಕೆಟ್ಟಿನವರೆಗೆ ಪ್ರತಿಯೊಂದು ಫೋಲ್ಡರಿನ ಒಡೆಯ, ಗುಂಪು, ಅನುಮತಿಗಳನ್ನು ಒಂದರ ಕೆಳಗೊಂದು ತೋರಿಸುತ್ತದೆ. ಡೆಬಿಯನ್ನಿನಲ್ಲಿ ಸ್ವಾರಸ್ಯವಾದ ಒಂದು ಸಂಗತಿ ಇಲ್ಲಿ ಕಾಣುತ್ತದೆ. ಸ್ಯಾಸಲ್ ಸೇವೆಯ ಸಾಕೆಟ್ಟಿನ ಅನುಮತಿ 777. ಎಂದರೆ ಎಲ್ಲರಿಗೂ ತೆರೆದಿದೆ. ಆದರೆ ಅದು ಇರುವ ಫೋಲ್ಡರಿನ ಅನುಮತಿ 710. ಒಡೆಯ ರೂಟ್, ಗುಂಪು ಸ್ಯಾಸಲ್. ಕೋಣೆಯ ಬಾಗಿಲು ತೆರೆದಿದೆ, ಕಾಂಪೌಂಡಿನ ಗೇಟಿನಲ್ಲಿ ಕಾವಲಿದೆ. ಸಾಕೆಟ್ಟೊಂದನ್ನೇ ನೋಡಿದವನು “ಎಲ್ಲ ತೆರೆದೇ ಇದೆಯಲ್ಲ!” ಎಂದು ಬೆರಗಾಗುತ್ತಾನೆ. ಗೇಟನ್ನು ದಾಟಬಲ್ಲವರು ಸ್ಯಾಸಲ್ ಗುಂಪಿನವರು ಮಾತ್ರ. ಪೋಸ್ಟ್‌ಫಿಕ್ಸು ಆ ಗುಂಪಿನಲ್ಲಿದೆಯೆ ಎಂದು ‘ಐಡಿ’ ಎಂಬ ಆಜ್ಞೆಯಿಂದ ಕೇಳಿದರೆ, ಇಲ್ಲವೆಂದು ತಿಳಿಯುತ್ತದೆ. ದೋಷವು ಸಿಕ್ಕಿತು.

ಪರಿಹಾರ

ಪೋಸ್ಟ್‌ಫಿಕ್ಸ್ ಬಳಕೆದಾರನನ್ನು ಸ್ಯಾಸಲ್ ಗುಂಪಿಗೆ ಸೇರಿಸುವುದೇ ಪರಿಹಾರ. ಡೆಬಿಯನ್ನಿನಲ್ಲಿ ‘ಆಡ್‌ಯೂಸರ್’ ಎಂಬ ಆಜ್ಞೆಗೆ ಬಳಕೆದಾರನ ಹೆಸರನ್ನೂ ಗುಂಪಿನ ಹೆಸರನ್ನೂ ಕೊಟ್ಟರೆ ಕೆಲಸ ಮುಗಿಯಿತು. ‘ಯೂಸರ್‌ಮಾಡ್’ ಎಂಬ ಇನ್ನೊಂದು ಆಜ್ಞೆಯನ್ನು ಬಳಸುವವರು ಎಚ್ಚರದಿಂದಿರಬೇಕು. ಇರುವ ಗುಂಪುಗಳ ಜೊತೆಗೆ ಇದನ್ನೂ ಸೇರಿಸು ಎಂಬ ಸೂಚನೆಯನ್ನು ಕೊಡದಿದ್ದರೆ ಅದು ಹಳೆಯ ಹೆಚ್ಚುವರಿ ಗುಂಪುಗಳನ್ನೆಲ್ಲ ಅಳಿಸಿ, ಹೊಸದೊಂದನ್ನೇ ಉಳಿಸುತ್ತದೆ. ಒಂದು ಬಾಗಿಲನ್ನು ತೆರೆಯಹೋಗಿ ನಾಲ್ಕನ್ನು ಮುಚ್ಚಿದಂತಾಗುತ್ತದೆ.

ಸೇರಿಸಿದ ಮೇಲೂ ಫಲ ಕಾಣದಿದ್ದರೆ ಗಾಬರಿಯಾಗಬೇಕಾಗಿಲ್ಲ. ಪ್ರೋಗ್ರಾಮೊಂದು ತಾನು ಯಾವ ಯಾವ ಗುಂಪಿನ ಸದಸ್ಯನೆಂಬುದನ್ನು ಪ್ರಾರಂಭವಾಗುವಾಗ ಒಮ್ಮೆ ಪಡೆದುಕೊಳ್ಳುತ್ತದೆ. ಆಮೇಲೆ ಪಟ್ಟಿಯಲ್ಲಾದ ಬದಲಾವಣೆ ಅದಕ್ಕೆ ತಿಳಿಯದು. ಆದುದರಿಂದ ಪೋಸ್ಟ್‌ಫಿಕ್ಸನ್ನು ನಿಲ್ಲಿಸಿ ಮತ್ತೆ ಪ್ರಾರಂಭಿಸಬೇಕು.

ಎರಡನೆಯ ಕಾರಣದ ವಿಷಯವಾಗಿ ಒಂದು ಮಾತು. ಸೇವೆ ನಡೆಯುತ್ತಿದೆ, ಸಾಕೆಟ್ಟು ಕಣ್ಣಿಗೆ ಕಾಣುತ್ತಿದೆ. ಆದರೂ ಪೋಸ್ಟ್‌ಫಿಕ್ಸು ಅದು ಇಲ್ಲವೆನ್ನುತ್ತದೆ. ಡೆಬಿಯನ್ ಪರಂಪರೆಯಲ್ಲಿ ಪೋಸ್ಟ್‌ಫಿಕ್ಸಿನ ಹೊರಮುಖದ ಭಾಗವನ್ನು ಒಂದು ಫೋಲ್ಡರಿನೊಳಗೆ ಕೂಡಿಹಾಕಿರುವುದುಂಟು. ಅದಕ್ಕೆ ಆ ಫೋಲ್ಡರೇ ಇಡೀ ಪ್ರಪಂಚ. ಹೊರಗಿರುವ ಸಾಕೆಟ್ಟು ಅದಕ್ಕೆ ಇಲ್ಲದ ವಸ್ತು. ಸೇವೆಯ ಸೆಟ್ಟಿಂಗನ್ನು ತಿದ್ದಿ ಸಾಕೆಟ್ಟನ್ನು ಆ ಫೋಲ್ಡರಿನೊಳಗೆ ರಚಿಸುವಂತೆ ಮಾಡಿದರೆ ಸರಿಹೋಗುತ್ತದೆ. ಆದರೆ ಹೊಸ ಸ್ಥಳಕ್ಕೂ ಗುಂಪಿನ ಅನುಮತಿಯನ್ನು ಏರ್ಪಡಿಸಲು ಮರೆಯಬಾರದು. ಇಲ್ಲದಿದ್ದರೆ ಎರಡನೆಯ ದೋಷ ಹೋಗಿ ಮೊದಲನೆಯದು ಬಂದು ನಿಲ್ಲುತ್ತದೆ.

ದಾವ್‌ಕಾಟ್ ಬಳಸುವಲ್ಲಿ ತತ್ತ್ವವು ಇದೇ. ಸಾಕೆಟ್ಟಿನ ಒಡೆಯ, ಗುಂಪು, ಅನುಮತಿಗಳನ್ನು ಅದರ ಸೆಟ್ಟಿಂಗಿನ ಕಡತದಲ್ಲಿಯೇ ಬರೆಯಬಹುದು; ಪೋಸ್ಟ್‌ಫಿಕ್ಸಿಗಾಗಿ ಸಾಮಾನ್ಯವಾಗಿ 660 ಎಂದು ಬರೆಯುತ್ತಾರೆ. ತನ್ನ ಭಾಗಗಳಿಗೆ ಅನುಮತಿ ಸಿಗದಿದ್ದಾಗ ಯಾವ ಫೋಲ್ಡರಿನಲ್ಲಿ ಯಾವ ಅನುಮತಿಯ ಕೊರತೆಯಾಯಿತೆಂಬುದನ್ನೂ ದಾವ್‌ಕಾಟ್ ಲಾಗಿನಲ್ಲಿ ಬರೆದಿಡುವುದರಿಂದ ಹುಡುಕುವ ಶ್ರಮ ಎಷ್ಟೋ ತಗ್ಗುತ್ತದೆ.

ಮಾಡಬಾರದ ಪರಿಹಾರಗಳು

ಅರ್ಜಿಯ ಗಡುವು ಸಮೀಪಿಸಿರುವಾಗ ಸುಲಭವಾಗಿ ಹೊಳೆಯುವ ಉಪಾಯವೆಂದರೆ ಫೋಲ್ಡರಿನ ಅನುಮತಿಯನ್ನು 777 ಮಾಡಿಬಿಡುವುದು. ಅಂಚೆಯೇನೋ ತಕ್ಷಣ ಹೋಗುತ್ತದೆ. ಆದರೆ ಆ ಯಂತ್ರದಲ್ಲಿ ನಡೆಯುವ ಯಾವ ಪ್ರೋಗ್ರಾಂ ಬೇಕಾದರೂ, ಉದಾಹರಣೆಗೆ ಕಾಲೇಜಿನ ಜಾಲತಾಣದ ಒಂದು ದುರ್ಬಲ ಪುಟ ಕೂಡ, ಇನ್ನು ಮುಂದೆ ದೃಢೀಕರಣ ಸೇವೆಯ ಕಿಂಡಿಯ ಮುಂದೆ ನಿಂತು ಗುಪ್ತಪದಗಳನ್ನು ಊಹಿಸಿ ಊಹಿಸಿ ಕೇಳಬಹುದು. ಇನ್ನೂ ಕೆಟ್ಟದ್ದೆಂದರೆ, ಎಲ್ಲರಿಗೂ ಬರೆಯುವ ಅನುಮತಿಯಿರುವ ಫೋಲ್ಡರಿನಲ್ಲಿ ನಿಜವಾದ ಸಾಕೆಟ್ಟನ್ನು ತೆಗೆದುಹಾಕಿ ಅದೇ ಹೆಸರಿನ ನಕಲಿ ಸಾಕೆಟ್ಟನ್ನು ಇಡಬಹುದು. ಆಗ ಪೋಸ್ಟ್‌ಫಿಕ್ಸು ಪ್ರತಿಯೊಬ್ಬ ವಿದ್ಯಾರ್ಥಿಯ ಗುಪ್ತಪದವನ್ನೂ ತಾನಾಗಿಯೇ ಕಳ್ಳನ ಕೈಗೆ ಒಪ್ಪಿಸುತ್ತದೆ. ಯಾವ ಲಾಗಿನಲ್ಲಿಯೂ ದೋಷವೆಂದು ಕಾಣುವುದಿಲ್ಲ.

ಪೋಸ್ಟ್‌ಫಿಕ್ಸನ್ನು ಗುಪ್ತಪದಗಳ ಕಡತ ಓದಬಲ್ಲ ಗುಂಪಿಗೆ ಸೇರಿಸುವುದು ಇನ್ನೊಂದು ತಪ್ಪು ದಾರಿ. ಡೆಬಿಯನ್ನಿನಲ್ಲಿ ಆ ಗುಂಪಿನ ಹೆಸರು ಶ್ಯಾಡೋ. ಆ ಕಡತದಲ್ಲಿರುವುದು ನೇರವಾದ ಗುಪ್ತಪದಗಳಲ್ಲ, ಅವುಗಳಿಂದ ಲೆಕ್ಕಹಾಕಿ ಪಡೆದ ಮುದ್ರೆಗಳು, ನಿಜ. ಆದರೂ ಅವು ಕೈಗೆ ಸಿಕ್ಕಿದರೆ ದುರ್ಬಲವಾದ ಗುಪ್ತಪದಗಳನ್ನು ಬಿಡುವಾಗಿ ಕುಳಿತು ಭೇದಿಸಬಹುದು. ಎರಡು ಕೆಲಸಗಳನ್ನು ಇಬ್ಬರಿಗೆ ಹಂಚಿದ ಉದ್ದೇಶವೇ ಇದರಿಂದ ನಷ್ಟವಾಗುತ್ತದೆ.

ಕೈಯಿಂದ ಮಾಡಿದ ಬದಲಾವಣೆಯು ಬಾಳುವುದಿಲ್ಲವೆಂಬುದೂ ತಿಳಿದಿರಲಿ. ಸೇವೆಗಳ ಸಾಕೆಟ್ಟುಗಳಿರುವ ಫೋಲ್ಡರು ಇಂದಿನ ಲಿನಕ್ಸಿನಲ್ಲಿ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿರುತ್ತದೆ. ಯಂತ್ರ ನಿಂತು ಮತ್ತೆ ಪ್ರಾರಂಭವಾದಾಗ ಎಲ್ಲವೂ ಹೊಸದಾಗಿ ಸೃಷ್ಟಿಯಾಗುತ್ತದೆ. ಕೈಯಿಂದ ಬದಲಾಯಿಸಿದ ಅನುಮತಿ ಮಾಯವಾಗುತ್ತದೆ. ಗುಂಪಿನ ಸದಸ್ಯತ್ವವಾದರೋ ಡಿಸ್ಕಿನ ಮೇಲೆ ದಾಖಲಾಗಿ ಸ್ಥಿರವಾಗಿ ಉಳಿಯುತ್ತದೆ. ಸರಿಪಡಿಸಿದ ಮೇಲೆ ಯಂತ್ರವನ್ನು ಒಮ್ಮೆ ನಿಲ್ಲಿಸಿ, ಪ್ರಾರಂಭಿಸಿ, ಪುನಃ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ಎಲ್ಲ ಅನುಮತಿಗಳೂ ಸರಿಯಾಗಿದ್ದು, ಗುಂಪೂ ಸರಿಯಾಗಿದ್ದು, ಆದರೂ ಅನುಮತಿಯಿಲ್ಲವೆಂಬ ಉತ್ತರ ಬಂದರೆ ಇನ್ನೊಂದು ಕಾವಲನ್ನು ನೆನೆಯಬೇಕು. ರೆಡ್ ಹ್ಯಾಟ್ ಕುಟುಂಬದಲ್ಲಿ ಎಸ್ಇ-ಲಿನಕ್ಸ್, ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಆಪ್‌ಆರ್ಮರ್ ಎಂಬ ಪ್ರತ್ಯೇಕ ನಿಯಮಗಳಿವೆ. ಅವು ಮೂರಂಕೆಯ ಸಂಖ್ಯೆಯಲ್ಲಿ ಕಾಣುವುದಿಲ್ಲ. ಅವುಗಳ ನಿರಾಕರಣೆಗಳು ತಮ್ಮದೇ ಲಾಗಿನಲ್ಲಿ ದಾಖಲಾಗುತ್ತವೆ.

ಒಟ್ಟಿನಲ್ಲಿ, ಲಾಗನ್ನು ಓದುವುದು, ಕೆಲಸ ಮಾಡಬೇಕಾದವನ ಹೆಸರಿನಲ್ಲಿಯೇ ಪರೀಕ್ಷಿಸುವುದು, ದಾರಿಯನ್ನು ಬೇರಿನಿಂದ ತುದಿಯವರೆಗೆ ನೋಡುವುದು, ಒಮ್ಮೆಗೆ ಒಂದನ್ನೇ ಬದಲಾಯಿಸುವುದು, ಕೆಲಸಕ್ಕೆ ಸಾಕಾಗುವಷ್ಟೇ ಅನುಮತಿಯನ್ನು ಕೊಡುವುದು. ಪ್ರಯೋಗಶಾಲೆಯಲ್ಲಿ ಕಲಿತ ಶಿಸ್ತೇ ಇದು. ಅಂಚೆಯ ಸರ್ವರನ್ನು ಎಂದೂ ಮುಟ್ಟದವರಿಗೂ ಬೇರೆಡೆಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ಅಭ್ಯಾಸಕ್ಕಾಗಿ

1. ಫೋಲ್ಡರೊಂದರ ಅನುಮತಿ 750. ಗುಂಪಿನ ಸದಸ್ಯನೊಬ್ಬನು ಅದರಲ್ಲಿ ಏನೇನು ಮಾಡಬಹುದು?

2. ಸಾಕೆಟ್ಟಿನ ಒಡೆಯ ಪೋಸ್ಟ್‌ಫಿಕ್ಸ್, ಅನುಮತಿ 660. ಅದು ಇರುವ ಫೋಲ್ಡರಿನ ಒಡೆಯ ರೂಟ್, ಅನುಮತಿ 700. ಪೋಸ್ಟ್‌ಫಿಕ್ಸು ಸಂಪರ್ಕ ಪಡೆಯಬಲ್ಲುದೆ?

3. ಕಡತವೊಂದರ ಅನುಮತಿ 070. ಅದರ ಒಡೆಯನು ಅದೇ ಗುಂಪಿನ ಸದಸ್ಯನೂ ಹೌದು. ಅವನು ರೂಟ್ ಅಲ್ಲದಿದ್ದರೆ ಕಡತವನ್ನು ಓದಬಲ್ಲನೆ?

ಉತ್ತರಗಳು: (1) ಪಟ್ಟಿ ನೋಡಬಹುದು, ಹಾದುಹೋಗಬಹುದು, ಹೊಸ ಕಡತವನ್ನು ರಚಿಸಲಾಗದು. (2) ಇಲ್ಲ, ಫೋಲ್ಡರಿನಲ್ಲಿಯೇ ತಡೆ ಇದೆ. (3) ಇಲ್ಲ, ವ್ಯವಸ್ಥೆಯು ಮೊದಲು ಒಡೆಯನೆ ಎಂದು ನೋಡುತ್ತದೆ, ಹೌದಾದರೆ ಒಡೆಯನ ಅಂಕೆಯನ್ನಷ್ಟೇ ಗಣಿಸುತ್ತದೆ. ಗುಂಪಿನ ಅಂಕೆಯವರೆಗೆ ವಿಚಾರಣೆ ಹೋಗುವುದೇ ಇಲ್ಲ.